ಪ್ಲೇಆಫಲ್ಲಿ ಟೀಮಿನ ಬಲ ಎಲ್ಲಿ, ತೂತು ಎಲ್ಲಿ ಅಂತ ಕಂಡುಹಿಡಿಯೋದು ಹೇಗೆ

ಜೂನ್ ತಿಂಗಳು, ಬೆಳಿಗ್ಗೆ ಆರು ಗಂಟೆ, ಹೊರಗೆ ಜಡಿಮಳೆ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಶಿವಮೊಗ್ಗದಲ್ಲಿ ಕೂತು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಫೈನಲ್ಸ್ ನೋಡೋದು ಅಂದ್ರೆ ಹಿಂಗೇ. ಪ್ರತಿ ವರ್ಷ ನಮ್ಮ ಫ್ರೆಂಡ್ಸಲ್ಲಿ ಒಬ್ಬ "82 ಲೀಗ್ ಮ್ಯಾಚಲ್ಲಿ ಇಷ್ಟು ಗೆದ್ದಿದಾರೆ ಮಾರಾಯ, ಕಪ್ ಇವ್ರದ್ದೇ" ಅಂತ ಶುರು ಮಾಡ್ತಾನೆ. 2016ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ 73 ಗೆದ್ದಿತ್ತು, ಫೈನಲ್ಸಲ್ಲಿ 3-1 ಮುಂದೆನೂ ಇತ್ತು, ಕೊನೆಗೆ ಕ್ಲೀವ್‌ಲ್ಯಾಂಡ್ ಕೈಲಿ ಸೋತ್ರಲ್ಲ. ಅಡಿಕೆ ಮಂಡೀಲಿ ಚೀಲದ ಬಾಯಿ ನೋಡಿ ಯಾರಾದ್ರೂ ರೇಟ್ ಹೇಳ್ತಾರಾ, ಕೆಳಗಿಂದ ಒಂದು ಹಿಡಿ ತೆಗೆದು ನೋಡ್ತಾರೆ.

ಲೀಗ್ ಮ್ಯಾಚಲ್ಲಿ ಇವತ್ತು ಒಬ್ರು ನಾಳೆ ಇನ್ನೊಬ್ರು, ಯಾರಿಗೂ ಯಾರ ವೀಕ್ನೆಸ್ ಕೆದಕೋಕೆ ಟೈಮ್ ಇರಲ್ಲ. ಲೀಗ್ ಮುಗಿದ ಮೇಲೆ ಬರೋ ನಾಕೌಟ್, ಅಂದ್ರೆ ಪ್ಲೇಆಫಲ್ಲಿ ಒಂದೇ ಟೀಮ್ ಜೊತೆ ಏಳು ಮ್ಯಾಚ್ ತನಕ ಗುದ್ದಾಟ, ನಾಲ್ಕು ಗೆದ್ದೋರು ಮುಂದೆ, ಹಂಗಾಗಿ ಒಂದು ಕಡೆ ತೂತು ಕಂಡ್ರೆ ಸಾಕು ದಿನಾ ಅಲ್ಲೇ ಬೆರಳು ಹಾಕ್ತಾರೆ.

ಮೊದಲ ಕೆಲಸ, ಬಾಲ್ ನೋಡೋದು ಬಿಡಿ. ಡಿಫೆನ್ಸ್ ಮಾಡೋ ಐದು ಜನರ ಹೆಸರು ಒಂದು ಹಾಳೇಲಿ ಬರ್ಕೊಳ್ಳಿ. ಎದುರು ಟೀಮಿನ ಸ್ಟಾರ್ ಬಾಲ್ ಹಿಡ್ಕೊಂಡು ನಿಂತಾಗ ಅವನ ಜೊತೆಗಾರ ಒಬ್ಬ ಬಂದು ಸ್ಕ್ರೀನ್ ಹಾಕ್ತಾನಲ್ಲ (ಸ್ಟಾರನ್ನ ಗಾರ್ಡ್ ಮಾಡೋನಿಗೆ ಅಡ್ಡ ನಿಲ್ಲೋದು), ಆ ಜೊತೆಗಾರನ್ನ ಗಾರ್ಡ್ ಮಾಡ್ತಿದ್ದೋನು ಯಾರು ನೋಡಿ, ಅವನ ಹೆಸರ ಮುಂದೆ ಒಂದು ಗೀಟು. ಒಂದು ಕ್ವಾರ್ಟರ್ ಮುಗಿಯೋದ್ರಲ್ಲಿ ಒಬ್ಬನ ಮುಂದೆನೇ ಗೀಟು ಸಾಲಾಗಿ ಬಿದ್ದಿದ್ರೆ ತೂತು ಅದೇ, ಸ್ಟಾರ್ ಎದುರಿಗೆ ಅವನೇ ಬರ್ಲಿ ಅಂತ ಬೇಕಂತಲೇ ಎಳೀತಿದಾರೆ. ಕಬಡ್ಡೀಲಿ ರೈಡರ್ ವೀಕ್ ಕಾರ್ನರ್ ಕಡೆನೇ ಹೋಗ್ತಾ ಇರಲ್ವಾ, ಹಂಗೆ. (ಇದೇ ಲೆಕ್ಕ ಒಂದ್ಸಲ ನಮ್ಮೂರ ಟೂರ್ನಮೆಂಟಲ್ಲಿ ನಮ್ಮ ಟೀಮಿಗೇ ಹಾಕ್ಸಿದ್ದೆ, ಗೀಟು ಜಾಸ್ತಿ ಬಿದ್ದಿದ್ದು ನನ್ನ ಹೆಸರಿಗೆ.)

ಆಮೇಲೆ ಕೋಚ್ ಏನು ಮಾಡ್ತಾರೆ ನೋಡಿ. ಆ ವೀಕ್ ಪ್ಲೇಯರ್ ಒಳ್ಳೆ ಶೂಟರ್ ಆಗಿದ್ರೆ ತೆಗೆದು ಕೂರ್ಸೋ ಹಂಗಿಲ್ಲ, ಇಟ್ಕೊಳ್ಳೋ ಹಂಗೂ ಇಲ್ಲ, ಹೆಲ್ಪಿಗೆ ಇನ್ನೊಬ್ಬನ್ನ ಕಳ್ಸಿದ್ರೆ ಕಾರ್ನರಲ್ಲಿ ತ್ರೀ (ದೂರದ ಗೆರೆ ಹೊರಗಿಂದ ಹಾಕೋ ಮೂರು ಪಾಯಿಂಟ್ ಶಾಟ್) ಓಪನ್.

ಸ್ಕೋರ್‌ಕಾರ್ಡಲ್ಲಿ ನಾಲ್ಕೇ ನೋಡಿ ಸಾಕು: ಶೂಟಿಂಗ್, ಟರ್ನೋವರ್ (ಶಾಟ್ ಹೊಡೆಯೋ ಮುಂಚೆನೇ ಬಾಲ್ ಕಳ್ಕೊಳ್ಳೋದು), ಅಫೆನ್ಸಿವ್ ರಿಬೌಂಡ್ (ತಮ್ಮದೇ ಮಿಸ್ಸಾದ ಶಾಟ್ ವಾಪಸ್ ಹಿಡಿಯೋದು), ಫ್ರೀ ಥ್ರೋ (ಫೌಲ್ ಆದಾಗ ಸಿಗೋ ಶಾಟ್). ಶೂಟಿಂಗಲ್ಲಿ ತ್ರೀಗೆ ಅರ್ಧ ಜಾಸ್ತಿ ಲೆಕ್ಕ. 20 ಶಾಟಲ್ಲಿ 10 ಬಿದ್ದು ಅದ್ರಲ್ಲಿ 4 ತ್ರೀ ಇದ್ರೆ 12 ಅಂತ ಹಿಡೀರಿ, 60 ಪರ್ಸೆಂಟ್. ಆದ್ರೆ ತ್ರೀನೇ ನಂಬ್ಕೊಂಡಿರೋ ಟೀಮಿಗೆ ಪೂರ್ತಿ ಮಾರ್ಕ್ಸ್ ಕೊಡ್ಬೇಡಿ, 2018ರ ವೆಸ್ಟ್ ಫೈನಲ್ (ಪಶ್ಚಿಮ ಗುಂಪಿನ ಫೈನಲ್) ಏಳನೇ ಮ್ಯಾಚಲ್ಲಿ ಹ್ಯೂಸ್ಟನ್ ಸಾಲಾಗಿ 27 ತ್ರೀ ಮಿಸ್ ಮಾಡಿ ಮನೆಗೆ ಹೋಯ್ತು. ಗೆದ್ದೋರ ಟರ್ನೋವರೂ ನೋಡಿ, 2025ರ ಫೈನಲ್ಸ್ ಮೊದಲ ಮ್ಯಾಚಲ್ಲಿ ಇಂಡಿಯಾನ ಫಸ್ಟ್ ಹಾಫಲ್ಲೇ 19 ಸಲ ಬಾಲ್ ಕಳ್ಕೊಂಡಿತ್ತು, 0.3 ಸೆಕೆಂಡ್ ಉಳಿದಿದ್ದಾಗ ಹ್ಯಾಲಿಬರ್ಟನ್ ಶಾಟ್ ಬಿದ್ದು 111-110 ಗೆದ್ರು, ಸರಣಿ ಮಾತ್ರ ಎದುರಾಳಿ ಓಕ್ಲಹೋಮ ಪಾಲಾಯ್ತು.

ಹಂಗಂತ ಒಂದು ತೂತು ಸಿಕ್ತು ಅಂದ್ಕೂಡ್ಲೆ ಟೀಮನ್ನ ತಿಪ್ಪೆಗೆ ಎಸೀಬೇಡಿ. 2021ರಲ್ಲಿ ಮಿಲ್ವಾಕಿ ಟೀಮಿನ ಸ್ಟಾರ್ ಯಾನಿಸ್ ಫ್ರೀ ಥ್ರೋಗೆ ನಿಂತ್ರೆ, ತುಂಬಾ ಹೊತ್ತು ತಗೊಳ್ತಾನೆ ಅಂತ ಹೊರಗಿನ ಊರಿನ ಜನ ಒಂದು ಎರಡು ಅಂತ ಜೋರಾಗಿ ಎಣಿಸಿ ಆಡ್ಕೊಳ್ತಿದ್ರು, ಕಪ್ ಗೆದ್ದ ಆರನೇ ಮ್ಯಾಚಲ್ಲಿ ಅದೇ ಮನುಷ್ಯ 19ಕ್ಕೆ 17 ಹಾಕಿ 50 ಪಾಯಿಂಟ್ ಹೊಡೆದ.

ಬೆಂಚಲ್ಲಿ ಕೂತಿರೋ ಬದಲಿ ಆಟಗಾರರ ಬಗ್ಗೆ ತಲೆ ಕೆಡಿಸ್ಕೊಳ್ಬೇಡಿ, ಪ್ಲೇಆಫಲ್ಲಿ ಎಂಟೊಂಬತ್ತು ಜನ ಆಡಿದ್ರೆ ಹೆಚ್ಚು. ಸ್ಟಾರ್ ಕೂತಿರೋ ನಾಲ್ಕೈದು ನಿಮಿಷದಲ್ಲಿ ಸ್ಕೋರ್ ಎಷ್ಟು ಜಾರ್ತು ಅದನ್ನ ಮಾತ್ರ ಬರ್ಕೊಳ್ಳಿ.

ಮೊದಲ ಎರಡು ಮ್ಯಾಚ್ ಒಂದು ಊರಲ್ಲಿ, ಮುಂದಿನೆರಡು ಇನ್ನೊಂದು ಊರಲ್ಲಿ. ಊರು ಬದಲಾದ ಮೂರನೇ ಮ್ಯಾಚಿಗೆ ಹೊಸ ಹಾಳೆ ತಗೊಂಡು ಮತ್ತೆ ಗೀಟು ಹಾಕಿ, ಹಳೇ ಹಾಳೆ ಪಕ್ಕ ಇಟ್ಕೊಳ್ಳಿ. ಗೀಟು ಬೇರೆ ಹೆಸರಿಗೆ ಹೋಗಿದ್ರೆ ಕೋಚ್ ತೂತು ಮುಚ್ಚಿದಾರೆ ಅಂತ ಅರ್ಥ, ಅದೇ ಹೆಸರಿಗೆ ಬೀಳ್ತಿದ್ರೆ ನಾನಂತೂ ಆ ಟೀಮ್ ಮೇಲೆ ಒಂದು ಮಸಾಲೆ ದೋಸೆನೂ ಬೆಟ್ ಕಟ್ಟಲ್ಲ.