ಪಡುಗಾಳಿಯೂ ಹೆಲಿಕಾಪ್ಟರಿನ ಬಾಲವೂ

ಗುಡ್ಡದ ಮೇಲಿನ ಬಯಲಾದ ಬಾಯಾರು ಪದವಿನಲ್ಲಿ ಹೊತ್ತೇರಿದ ಮೇಲೆ ಪಡುಗಾಳಿ ಶುರುವಾಗುತ್ತದೆ. ಹಾಗಾಗಿ ರಿಮೋಟ್ ಹೆಲಿಕಾಪ್ಟರ್ ಹಾರಿಸಲು ನಾನು ಬೆಳಿಗ್ಗೆಯೇ ಹೋಗುವವನು. ಒಮ್ಮೆ ಮಾತ್ರ ಮಧ್ಯಾಹ್ನ ಹೋದೆ. ಮೂತಿ ಬಡಗಕ್ಕೆ ಮಾಡಿ ಆಳೆತ್ತರದಲ್ಲಿ ನಿಲ್ಲಿಸಿದ್ದೆ. ಗಾಳಿ ಒಮ್ಮೆಲೇ ಬೀಸಿತು, ಹೆಲಿ ತಗ್ಗಿತು. ಗಾಬರಿಯಿಂದ, ಹೆಲಿಯನ್ನು ಏರಿಸಿ ಇಳಿಸುವ ಸ್ಟಿಕ್ ಮೇಲಕ್ಕೆ ನೂಕಿದೆ. ಮೂತಿ ಎಡಕ್ಕೆ ಗಿರ್ರನೆ ತಿರುಗಿತು. ಹೆಲಿ ಒಂದೂವರೆ ಸುತ್ತು ಹೊಡೆದು ಮುರಕಲ್ಲಿಗೆ ಬಿತ್ತು.

ನನ್ನದು 450 ಗಾತ್ರದ್ದು, ಒಂದೊಂದು ರೆಕ್ಕೆ 325 ಮಿ.ಮೀ. ಮೇಲಿನಿಂದ ನೋಡಿದರೆ ನೆತ್ತಿಯ ರೆಕ್ಕೆಗಳ ಚಕ್ರ, ಅಂದರೆ ರೋಟರ್, ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ, ಅದಕ್ಕೆ ಪ್ರತಿಯಾಗಿ ಒಡಲು ಎಡಕ್ಕೆ ತಿರುಗಲು ನೋಡುತ್ತದೆ. ಬಾಲದ ರೋಟರ್ ಗಾಳಿಯನ್ನು ಬಲಕ್ಕೆ ಎಸೆದು ಅದನ್ನು ತಡೆಯುತ್ತದೆ. ಆ ದಿನ ಗಾಳಿ ಎಡದಿಂದ ಬಂದು, ಬಾಲ ಎಸೆಯುವ ದಿಕ್ಕಿಗೇ ಸಾಗುತ್ತಿತ್ತು. ಆಗ ಬಾಲದ ರೆಕ್ಕೆಗೆ ಹಿಡಿತ ಕಡಿಮೆ, ಕೋನ ಇನ್ನಷ್ಟು ಬೇಕು. ಸಾಲದ್ದಕ್ಕೆ ನಾನು ಸ್ಟಿಕ್ ನೂಕಿ ತಿರುಗುಬಲವನ್ನೂ ಹೆಚ್ಚಿಸಿದೆ. ಬಾಲದ ರೆಕ್ಕೆಯ ಕೋನ ಬದಲಿಸುವ ಸರ್ವೋ ಮೋಟರ್ ಕೊನೆ ಮುಟ್ಟಿತ್ತು, ಕೊಡಲು ಇನ್ನೇನೂ ಇರಲಿಲ್ಲ.

ಗಾಳಿ ಬಲದಿಂದ ಬಂದರೆ ತೊಂದರೆ ಬೇರೆ. ಬಾಲ ಎಸೆದ ಗಾಳಿ ತಿರುಗಿ ಬಾಲಕ್ಕೇ ಬಂದು ಸುಳಿಯಾಗುತ್ತದೆ, ಮೂತಿ ನಿಲ್ಲದೆ ಆಚೀಚೆ ತಡಕಾಡುತ್ತದೆ. ಹಿಂದಿನಿಂದ ಬಂದರೆ ಇಡೀ ಒಡಲೇ ಗಾಳಿಗೆ ಮುಖ ಮಾಡಲು ಹೊರಳುತ್ತದೆ. ನಮ್ಮ ವಾಯುಪಡೆಯ ಹೆಲಿಕಾಪ್ಟರ್ ಚೇತಕ್‌ನಲ್ಲೂ ರೋಟರ್ ಹೀಗೇ ಸುತ್ತುತ್ತದೆ. ಅಮೆರಿಕದ ರಾಬಿನ್ಸನ್, ಬೆಲ್ ಹೆಲಿಕಾಪ್ಟರ್‌ಗಳಲ್ಲಿ ತಿರುಗುಮುರುಗು, ಅಲ್ಲಿ ಎಡ ಬಲ ಅದಲುಬದಲು ಮಾಡಿಕೊಳ್ಳಬೇಕು.

ನನ್ನನ್ನು ಕಾಡಿದ್ದು ಗೈರೊ, ಮೂತಿ ತಿರುಗಿದ್ದನ್ನು ಅರಿತು ಬಾಲವನ್ನು ತಾನೇ ಸರಿಪಡಿಸುವ ಸಾಧನ. ಹೆಡ್ಡಿಂಗ್ ಹೋಲ್ಡ್ ಎಂಬ, ದಿಕ್ಕು ಹಿಡಿದಿಡುವ ಮೋಡ್‌ನಲ್ಲಿ ಅದು ಕೊನೆಯವರೆಗೂ ಮೂತಿ ಕದಲಲು ಬಿಡುವುದಿಲ್ಲ. ಬಾಲ ಎಷ್ಟು ಒದ್ದಾಡುತ್ತಿದೆ ಎಂದು ಬೆರಳಿಗೆ ಗೊತ್ತಾಗುವುದೇ ಇಲ್ಲ. ರೆಕ್ಕೆ ಬದಲಾಯಿಸಿದ ಮೇಲೆ ದಿಕ್ಕು ಹಿಡಿಯುವುದನ್ನು ನನಗೇ ಬಿಡುವ ರೇಟ್ ಮೋಡ್‌ಗೆ ಹಾಕಿ, ಸಣ್ಣ ಗಾಳಿಯಲ್ಲಿ ಮೊದಲಿನಿಂದ ಕಲಿತೆ. ಮೂತಿ ಪಡುವಣಕ್ಕೆ ಇಟ್ಟರೆ ಗಾಳಿಯೇ ಎತ್ತಿ ಹಿಡಿಯುತ್ತದೆ, ಸ್ಟಿಕ್ ಸ್ವಲ್ಪ ಇಳಿಸಿದರೂ ನಿಲ್ಲುತ್ತದೆ, ಬಾಲಕ್ಕೂ ಹಗುರ. ಅಲ್ಲಿಂದ ತುಸು ತುಸುವೇ ಬಡಗಕ್ಕೆ ತಿರುಗಿಸುತ್ತಾ ಹೋದಂತೆ ಬಲ ರಡ್ಡರ್, ಅಂದರೆ ಮೂತಿಯನ್ನು ಬಲಕ್ಕೆ ತಿರುಗಿಸುವ ಆದೇಶ, ಹೆಚ್ಚು ಹೆಚ್ಚು ಬೇಕಾಯಿತು. ಆ ಹೆಚ್ಚಳವನ್ನು ಬೆರಳು ಕಲಿಯುವಷ್ಟು ದಿನ ಅದೊಂದನ್ನೇ ಮಾಡಿದೆ.

ಈಗ ಬಾಲ ಜಾರಿದರೆ ಬಲ ರಡ್ಡರ್ ಪೂರ್ತಿ ಕೊಟ್ಟು, ಎತ್ತರವಿದ್ದರೆ ಸ್ಟಿಕ್ ಇಳಿಸಿ, ಮುಂದಕ್ಕೆ ಬಾಗಿಸುತ್ತೇನೆ. ಜೊತೆಗೆ ಅಕ್ಕನ ಮಗ ಇರುತ್ತಾನೆ. ಅವನ ಕಣ್ಣು ಪಡು ಇಳಿಜಾರಿನ ಅಡಿಕೆ ತೋಟದ ಮೇಲೆ.

“ಮಾವ, ಕಂಗಿನ ತಲೆ ಬಾಗಿತು!”

ಆ ಗಾಳಿ ಪದವಿನ ಮುಳಿಹುಲ್ಲಿಗೆ ತಲಪುವ ಮೊದಲೇ ಮೂತಿ ಪಡುವಣಕ್ಕೆ ತಿರುಗಿರುತ್ತದೆ.