ಪಿಎಸ್‌ಎ ರಿಪೋರ್ಟ್ ಜೊತೆ ಮಾತ್ರೆಯ ಸ್ಟ್ರಿಪ್ಪೂ ಇರಲಿ

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಗಾಗಿ ಮಾಡಿಸುವ ರಕ್ತಪರೀಕ್ಷೆ ಪಿಎಸ್‌ಎ. ನನ್ನದು 4.6 ಬಂದಿತ್ತು. "4ರ ಒಳಗಿರಬೇಕು, ಸ್ವಲ್ಪ ಜಾಸ್ತಿ ಅಷ್ಟೇ ಸರ್" ಎಂದ ಲ್ಯಾಬ್ ಹುಡುಗ. ತುಮಕೂರಿನ ಯೂರಾಲಜಿ ಡಾಕ್ಟರ್ ಆ ಕಾಗದ ಬದಿಗಿಟ್ಟು, "ಯಾವ್ಯಾವ ಮಾತ್ರೆ ತಗೋತೀರ ಯಜಮಾನ್ರೇ?" ಎಂದರು. ಜೇಬಿನಲ್ಲಿದ್ದ ಸ್ಟ್ರಿಪ್ ಕೊಟ್ಟೆ. ಮೂತ್ರ ಸಲೀಸಾಗಲಿ ಅಂತ ವರ್ಷಗಳಿಂದ ನುಂಗುತ್ತಿದ್ದ ಮಾತ್ರೆ ಅದು. ಅದರಲ್ಲಿ ಪ್ರಾಸ್ಟೇಟ್ ಕುಗ್ಗಿಸುವ ಡ್ಯುಟಾಸ್ಟರೈಡ್ ಅನ್ನೋ ಔಷಧಿ ಇತ್ತು. ಆರು ತಿಂಗಳು ತಗೊಂಡರೆ ಸಾಕು, ಪಿಎಸ್‌ಎ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದಂತೆ. ಅಂದರೆ ನನ್ನದನ್ನು 9ರ ಆಸುಪಾಸು ಅಂತ ಓದಬೇಕು. ಅದೇ ಜಾತಿಯ ಫಿನಾಸ್ಟರೈಡ್‌ಗೂ ಇದೇ ಲೆಕ್ಕ.

9 ಅಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಪ್ರಾಸ್ಟೇಟ್ ದಪ್ಪಗಾದರೂ, ಸೋಂಕಾದರೂ, ಮೂತ್ರದ ಟ್ಯೂಬ್ ಹಾಕಿದ್ದರೂ ಏರುತ್ತದೆ. 4ರಿಂದ 10ರ ನಡುವೆ ಇದ್ದವರಿಗೆ ಬಯಾಪ್ಸಿ (ಸೂಜಿಯಿಂದ ಚೂರು ತೆಗೆದು ನೋಡುವ ಪರೀಕ್ಷೆ) ಮಾಡಿದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಸಿಗುತ್ತದೆ. ಅದಕ್ಕೇ ಮೊದಲು ಸೋಂಕಿದೆಯಾ ಅಂತ ನೋಡುವ ಮೂತ್ರ ಕಲ್ಚರ್, ಕೆಲವು ವಾರ ಬಿಟ್ಟು ಮತ್ತೆ ಪಿಎಸ್‌ಎ. ಇಳಿಯಲಿಲ್ಲ. ಆಮೇಲೆ ಎಂಆರ್‌ಐ. ಅದನ್ನು ಬಯಾಪ್ಸಿಗೆ ಮುಂಚೆಯೇ ಮಾಡಿಸಿಬಿಡಬೇಕು; ಚುಚ್ಚಿದ ಮೇಲೆ ಒಳಗೆ ರಕ್ತ ಉಳಿದು ಚಿತ್ರ ಸರಿಯಾಗಿ ಕಾಣಲ್ಲ. ನನ್ನದರಲ್ಲಿ ಅನುಮಾನದ ಜಾಗ ಒಂದು ಕಂಡಿತು.

"ಸೂಜಿ ಹಾಕಿಸಿದ್ರೆ ಹರಡುತ್ತೆ ಕಣಯ್ಯ" ಅಂತ ಗುಬ್ಬಿಯ ಭಾವ ಫೋನ್ ಮೇಲೆ ಫೋನ್. ಪ್ರಾಸ್ಟೇಟ್‌ನಲ್ಲಿ ಹಾಗಾಗುವುದು ತೀರಾ ಅಪರೂಪ ಎಂದರು ಡಾಕ್ಟರ್. ಅವರ ಚಿಂತೆ ಇದ್ದದ್ದು ನನ್ನ ಹೃದಯದ ಸ್ಟೆಂಟ್, ಅದಕ್ಕೆ ನುಂಗುವ ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆ. ಹಾರ್ಟ್ ಡಾಕ್ಟರ್ ಹತ್ತಿರ ಬರೆಸಿಕೊಂಡು ಬನ್ನಿ ಎಂದರು. ಅವರು ಕ್ಲೊಪಿಡೊಗ್ರೆಲ್ ಕೆಲವು ದಿನ ಬಿಡಿಸಿ, ಆಸ್ಪಿರಿನ್ ಮುಂದುವರಿಸಿದರು. ಇದು ನನ್ನ ಎದೆಯ ಲೆಕ್ಕ, ನಿಮ್ಮದು ಬೇರೆ ಇರಬಹುದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನಾವಾಗೇ ನಿಲ್ಲಿಸುವ ಹಾಗಿಲ್ಲ.

ಬಯಾಪ್ಸಿ ದಿನ ಬೆಳಿಗ್ಗೆ ಎನಿಮಾ, ಆಂಟಿಬಯಾಟಿಕ್. ಎಡ ಮಗ್ಗುಲಿಗೆ ಮಲಗಿ, ಮೊಣಕಾಲು ಎದೆಗೆ ಎಳ್ಕೊಂಡೆ. ಡಾಕ್ಟರ್ ಸೂಜಿ ಗನ್ನನ್ನು ಮೊದಲು ಗಾಳಿಯಲ್ಲೇ ಒತ್ತಿ "ಈ ಸದ್ದಿಗೆ ಬೆಚ್ಚಬೇಡಿ" ಎಂದರು. ಸ್ಟೇಪ್ಲರ್ ಹೊಡೆದಂತೆ, ಟಪ್. ಮರಗಟ್ಟಿಸುವ ಇಂಜೆಕ್ಷನ್ನೇ ಜಾಸ್ತಿ ಉರಿಯಿತು. ಸಾಮಾನ್ಯವಾಗಿ 12 ಚೂರು ತೆಗೆಯುತ್ತಾರೆ, ಅನುಮಾನದ ಜಾಗದಿಂದ ಇನ್ನೊಂದೆರಡು.

ಮೂತ್ರ ಕೆಲವು ದಿನ ಕೆಂಪಗಿತ್ತು. ವೀರ್ಯದಲ್ಲಿ ವಾರಗಟ್ಟಲೆ ರಕ್ತದ ಬಣ್ಣ ಇರುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ, ಅಲ್ವಾ? ಹೆದರಬೇಕಾದದ್ದು ಚಳಿ ಜ್ವರಕ್ಕೆ. ಅದು ಬಂದರೆ, ಇಲ್ಲವೇ ಮೂತ್ರ ಕಟ್ಟಿದರೆ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಕ್ರೋಸಿನ್ ನುಂಗಿ ಮಲಗುವುದಲ್ಲ.

ಕ್ಯಾನ್ಸರ್ ಎಷ್ಟು ಚುರುಕು ಅಂತ ಹೇಳುವ ಗ್ಲೀಸನ್ ಅಂಕ 6 ಬಂತು. ಕ್ಯಾನ್ಸರ್ ಇದೆ, ಆದರೆ ನಿಧಾನದ್ದು. ಸದ್ಯಕ್ಕೆ ಆಪರೇಷನ್ ಇಲ್ಲ. ಆರು ತಿಂಗಳಿಗೊಮ್ಮೆ ಪಿಎಸ್‌ಎ, ಮುಂದೆ ಇನ್ನೊಂದು ಬಯಾಪ್ಸಿ.