ಜೀವನಾಂಶ ಕಡಿಮೆ ಮಾಡಿಸಲು ಹೋಗಿ ಜಾಸ್ತಿ ಮಾಡಿಸಿಕೊಂಡು ಬಂದೆ

2019ರಲ್ಲಿ ಮೈಸೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ, ಇಬ್ಬರ ಒಪ್ಪಿಗೆಯ ಮೇಲೆ ನಮ್ಮ ಡೈವೋರ್ಸ್ ಆಯಿತು. ಮಗನಿಗೆ ಆಗ ಐದು ವರ್ಷ. ಅವನು ತಾಯಿ ಹತ್ತಿರ ಇರಬೇಕು. ನಾನು ತಿಂಗಳಿಗೆ 9,000 ರೂಪಾಯಿ ಕೊಡಬೇಕು. ಭಾನುವಾರ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅವನು ನನ್ನ ಜೊತೆ. ಡಿಕ್ರಿಯಲ್ಲಿ, ಅಂದರೆ ಕೋರ್ಟಿನ ಆದೇಶದಲ್ಲಿ, ಇದ್ದದ್ದು ಇಷ್ಟೇ.

2021ರಲ್ಲಿ ನಾನಿದ್ದ ಪ್ರಿಂಟಿಂಗ್ ಪ್ರೆಸ್ ಮುಚ್ಚಿತು. ಆಕೆಗೆ ಫೋನ್ ಮಾಡಿ, "ಸದ್ಯಕ್ಕೆ ನಾಲ್ಕು ಸಾವಿರ ಕೊಡ್ತೀನಿ" ಅಂದೆ. "ಆಯ್ತು, ನೋಡೋಣ" ಅಂದಳು. ಎಂಟು ತಿಂಗಳು ಹಾಗೇ ನಡೆಯಿತು. ಆಮೇಲೊಂದು ದಿನ 40,000 ಬಾಕಿ ಕಟ್ಟಿ ಅಂತ ಕೋರ್ಟಿನಿಂದ ನೋಟಿಸ್ ಬಂತು. ಸಿಟ್ಟು ನೆತ್ತಿಗೇರಿತು. ಆದರೆ ಲೆಕ್ಕ ಸರಿಯಾಗಿಯೇ ಇತ್ತು. ಫೋನಿನಲ್ಲಿ ಆಡಿದ ಮಾತಿನಿಂದ ಕೋರ್ಟಿನ ಆದೇಶ ಬದಲಾಗುವುದಿಲ್ಲ.

ಆದ್ದರಿಂದ ಮೊದಲು ಹೇಳುವುದು ಇದನ್ನೇ. ಕೆಲಸ ಹೋಯಿತೇ, ಕಾಯಿಲೆ ಬಂತೇ? ದುಡ್ಡು ಕಡಿತ ಮಾಡುವ ಮುಂಚೆ ಅರ್ಜಿ ಹಾಕಿ. ಅರ್ಜಿ ಹಾಕದೆ ಬಿಟ್ಟ ತಿಂಗಳುಗಳ ಬಾಕಿ ತಾನಾಗಿ ಮನ್ನಾ ಆಗುವುದಿಲ್ಲ. ಕೈಲಾದಷ್ಟನ್ನು ಬ್ಯಾಂಕ್ ಮೂಲಕ ಕಳಿಸುತ್ತಲೇ ಇರಿ. ದುಡ್ಡು ಕೊಡಲಿಲ್ಲ ಅಂತ ಮಗುವನ್ನು ತೋರಿಸದೆ ಇರುವುದೂ ತಪ್ಪು, ಮಗುವನ್ನು ತೋರಿಸಲಿಲ್ಲ ಅಂತ ದುಡ್ಡು ನಿಲ್ಲಿಸುವುದೂ ತಪ್ಪು. ಎರಡಕ್ಕೂ ಬೇರೆ ಬೇರೆ ಅರ್ಜಿ.

"ಒಪ್ಪಿ ಸಹಿ ಹಾಕಿದ್ದೀನಲ್ಲ, ಇನ್ನು ಬದಲಿಸೋಕೆ ಆಗುತ್ತಾ?" ಅಂತ ತುಂಬಾ ಜನ ಕೇಳುತ್ತಾರೆ. ಆಗುತ್ತದೆ. ಮಗು ಯಾರ ಬಳಿ ಇರಬೇಕು ಅನ್ನುವ ಆದೇಶಗಳೆಲ್ಲ ಆಗಿನ ಪರಿಸ್ಥಿತಿಗೆ ತಕ್ಕ ತಾತ್ಕಾಲಿಕ ಆದೇಶಗಳು, ಒಪ್ಪಿಗೆಯಿಂದ ಆಗಿದ್ದರೂ ಮಗುವಿನ ಹಿತಕ್ಕಾಗಿ ಬದಲಿಸಬಹುದು ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿದೆ. ಆದರೆ ನಿಜವಾದ ಬದಲಾವಣೆ ತೋರಿಸಬೇಕು. "ಅವಳ ಮೇಲೆ ಕೋಪ" ಅನ್ನುವುದು ಬದಲಾವಣೆ ಅಲ್ಲ.

ನನ್ನದರಲ್ಲಿ ಬದಲಾವಣೆ ಎರಡೂ ಕಡೆ ಇತ್ತು. 2023ರಲ್ಲಿ ಆಕೆಗೆ ಹಾಸನದಲ್ಲಿ ಕೆಲಸ ಸಿಕ್ಕಿತು, ಮಗನೂ ಹೋದ. ಸುಮಾರು 120 ಕಿಲೋಮೀಟರ್. ಭಾನುವಾರ ಬೆಳಗ್ಗೆ ಬಸ್ ಹತ್ತಿಸಿ ಕರೆತಂದು ಸಂಜೆ ವಾಪಸ್ ಬಿಡುವುದು ಆಗದ ಮಾತು. ನನ್ನ ಹೊಸ ಕೆಲಸದ ಸಂಬಳವೂ ಮೊದಲಿನಷ್ಟಿರಲಿಲ್ಲ.

ಮೊದಲು ಡಿಕ್ರಿಯ ಸರ್ಟಿಫೈಡ್ ಕಾಪಿ (ಕೋರ್ಟ್ ದೃಢೀಕರಿಸಿದ ಪ್ರತಿ) ತೆಗೆಸಿ, ಆದೇಶ ಯಾವ ಕಾನೂನಿನಡಿ ಆಗಿದೆ ನೋಡಿ. ಹಿಂದೂ ವಿವಾಹ ಕಾಯ್ದೆಯಾದರೆ ಮಗುವಿನ ಪಾಲನೆ, ಖರ್ಚು, ಓದಿನ ವಿಷಯಕ್ಕೆ ಸೆಕ್ಷನ್ 26. ಗಂಡ ಹೆಂಡತಿಯ ಜೀವನಾಂಶ ಬದಲಿಸಲು 25(2). ವಿಶೇಷ ವಿವಾಹ ಕಾಯ್ದೆಯಾದರೆ ಮಕ್ಕಳ ವಿಷಯ ಸೆಕ್ಷನ್ 38ರಲ್ಲಿದೆ. ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125ರಡಿ ಸಿಕ್ಕ ಜೀವನಾಂಶವಾದರೆ, ಅದರ ಬದಲಿಗೆ 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 146ನೇ ಸೆಕ್ಷನ್. ಈ ಕೊನೆಯ ಬಗೆಯ ಬಾಕಿಯನ್ನು ಹಗುರವಾಗಿ ತಗೋಬೇಡಿ. ವಾರಂಟ್ ಬಂದ ಮೇಲೂ ಕಟ್ಟದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು.

ಅರ್ಜಿಯ ಜೊತೆಗೆ ಕೆಲಸ ಹೋದ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು, ಮಗುವಿನ ಫೀಸ್ ರಸೀದಿ ಇಡಬೇಕು. ಎಲ್ಲಕ್ಕಿಂತ ಬೆವರಿಳಿಸುವುದು ಆಸ್ತಿ ಮತ್ತು ಸಾಲದ ಅಫಿಡವಿಟ್ (ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ). 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ರಜನೀಶ್ ವಿರುದ್ಧ ನೇಹಾ ತೀರ್ಪು ಬಂದ ಮೇಲೆ ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಇದನ್ನು ಕೊಡಬೇಕು. ಸಂಬಳ, ಬಾಡಿಗೆ, ಇಎಂಐ, ಚಿನ್ನ, ಸೈಟು, ವಿಮೆ, ಎಲ್ಲ. ನಾನು ಓವರ್‌ಟೈಮ್ ದುಡ್ಡು ಬರೆಯದೆ ಬಿಡೋಣ ಅಂದುಕೊಂಡೆ. ವಕೀಲರು ನನ್ನನ್ನೇ ನೋಡುತ್ತಾ, "ಬ್ಯಾಂಕ್ ಸ್ಟೇಟ್‌ಮೆಂಟ್ ನೀವೇ ಕೊಡ್ತಿದ್ದೀರಲ್ಲ?" ಅಂದರು. ಬರೆದೆ.

ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ನಮ್ಮನ್ನು ಮೀಡಿಯೇಶನ್‌ಗೆ ಕಳಿಸಿದರು. ಅಂದರೆ ಮಧ್ಯಸ್ಥರ ಮುಂದೆ ಇಬ್ಬರೂ ಕೂತು ಮಾತಾಡಿ ಒಪ್ಪಂದಕ್ಕೆ ಬರುವುದು. ನಾನು 6,000ಕ್ಕೆ ಇಳಿಸಿ ಅಂದೆ, ಆಕೆ 14,000 ಮಾಡಿ ಅಂದಳು. ಮಗನ ಐದನೇ ಕ್ಲಾಸಿನ ಫೀಸ್, ವ್ಯಾನು, ಕನ್ನಡಕ, ಟ್ಯೂಷನ್, ಒಂದೊಂದಾಗಿ ರಸೀದಿ ಮೇಜಿನ ಮೇಲೆ ಇಟ್ಟಳು. ಕನ್ನಡಕ ಬಂದಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕೊನೆಗೆ 10,500ಕ್ಕೆ ಒಪ್ಪಿದೆವು, ಜೊತೆಗೆ ಜೂನ್‌ನಲ್ಲಿ ಫೀಸಿನ ಅರ್ಧ ನನ್ನದು. ವರ್ಷಕ್ಕೆ ಇಂತಿಷ್ಟು ಅಂತ ಏರಿಕೆಯನ್ನೂ ಬರೆಸಿಕೊಳ್ಳಿ. ಇಲ್ಲವಾದರೆ ಎರಡು ವರ್ಷಕ್ಕೊಮ್ಮೆ ಇದೇ ಮೆಟ್ಟಿಲು ಹತ್ತಬೇಕು.

ಜಡ್ಜ್ ಮಗನನ್ನು ಚೇಂಬರಿಗೆ ಒಬ್ಬನನ್ನೇ ಕರೆದು ಮಾತಾಡಿಸಿದರು. ಮಗುವಿಗೆ ಏನನ್ನೂ ಹೇಳಿಕೊಡಬೇಡಿ, ಗೊತ್ತಾಗಿಬಿಡುತ್ತದೆ. ನನ್ನ ಮಗ ಹೇಳಿದ್ದು: "ಅಪ್ಪನ ಮನೇಲಿ ನಂಗೆ ಮಂಚ ಇಲ್ಲ." ನಿಜ, ಚಾಪೆ ಮೇಲೆ ಮಲಗುತ್ತಿದ್ದ. ಮುಂದಿನ ವಾರವೇ ಒಂದು ಮಂಚ ತಂದೆ, ಅದರ ಬಿಲ್ಲೂ ಫೈಲಿಗೆ ಸೇರಿತು.

ಭೇಟಿಯ ಷರತ್ತುಗಳನ್ನು ಬಿಡಿಸಿ ಬರೆಸಿ. "ರಜೆಯಲ್ಲಿ" ಅಂತ ಸುಮ್ನೆ ಬರೆದರೆ ಪ್ರತಿ ರಜೆಗೂ ಜಗಳ. ನಮ್ಮದರಲ್ಲಿ ಎರಡನೇ ಮತ್ತು ನಾಲ್ಕನೇ ಶನಿವಾರದಿಂದ ಭಾನುವಾರದವರೆಗೆ, ಬೇಸಿಗೆ ಮತ್ತು ದಸರಾ ರಜೆಯ ಅರ್ಧ, ಬುಧವಾರ ಸಂಜೆ ಏಳಕ್ಕೆ ವಿಡಿಯೋ ಕಾಲ್ ಅಂತಿದೆ. ಯಾರು ಕರೆತರಬೇಕು, ಬಸ್ ಚಾರ್ಜ್ ಯಾರದು, ಹುಷಾರಿಲ್ಲದಿದ್ದರೆ ಬದಲಿ ದಿನ ಯಾವುದು ಅನ್ನುವುದೂ ಇದೆ.

ಮೀಡಿಯೇಶನ್‌ನಲ್ಲಿ ಒಪ್ಪಿದ್ದು ಕೋರ್ಟ್ ಆದೇಶವಾಗಿ ಹೊರಬರಬೇಕು. ನನಗೆ ಅರ್ಜಿಯಿಂದ ಆದೇಶದವರೆಗೆ ಏಳು ತಿಂಗಳು ಹಿಡಿಯಿತು. ಅದರ ಎರಡು ಸರ್ಟಿಫೈಡ್ ಕಾಪಿ ತಗೊಳ್ಳಿ. ಈಗ ದುಡ್ಡು ಕಳಿಸುವಾಗೆಲ್ಲ ಯಾವ ತಿಂಗಳದ್ದು ಅಂತ ಯುಪಿಐ ನೋಟ್‌ನಲ್ಲಿ ಬರೆಯುತ್ತೇನೆ. ಶನಿವಾರ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಆಕೆ ಮಗನನ್ನು ಬಿಟ್ಟು, ಕನ್ನಡಕದ ಡಬ್ಬಿ ನನ್ನ ಕೈಗೆ ಕೊಟ್ಟು ಹೋಗುತ್ತಾಳೆ.